ಇವರ ಕಡೆಯವರು ಯಾರು?

ಪ್ರಜ್ಞೆ ತಪ್ಪಿದ ಗಾಯಾಳುವನ್ನು ಆಸ್ಪತ್ರೆಗೆ ಹೊತ್ತು ತಂದಾಗ ‘ಏನಾಯಿತು?’ ಎಂಬ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ‘ಇವರ ಕಡೆಯವರು ಯಾರು?’ ಅಪಘಾತ ವಿಭಾಗಗಳಲ್ಲಿ ಸುಮಾರು ಮೂರು ದಶಕ ವೈದ್ಯನಾಗಿ ದುಡಿದ ನಾನು ಈ ಪ್ರಶ್ನೆಯನ್ನು ಎಷ್ಟು ಬಾರಿ ಕೇಳಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ. ಉತ್ತರ ಸಿಗದಿದ್ದಾಗ ದಾಖಲೆ ಪುಸ್ತಕದಲ್ಲಿ ‘ಅಪರಿಚಿತ ಗಂಡಸು, ವಯಸ್ಸು ಸುಮಾರು 35’ ಎಂದು ಬರೆದುಕೊಳ್ಳುವುದು ವಾಡಿಕೆ. ನನ್ನ ಸೇವಾವಧಿಯ ಕೊನೆಯ ವರ್ಷಗಳಲ್ಲಿ ಹೀಗೆ ಅಪರಿಚಿತರೆಂದು ದಾಖಲಾದ ಅನೇಕರ ಜೇಬಿನಲ್ಲಿ ಮೊಬೈಲ್ ಫೋನ್ ಇರುತ್ತಿತ್ತು. ಅದರಲ್ಲಿ ಬಂಧುಬಳಗ, ಗೆಳೆಯರು, ಸಹೋದ್ಯೋಗಿಗಳು, ಹಾಲಿನವರು, ಗ್ಯಾಸಿನವರು ಎಂದು ನೂರಾರು ಹೆಸರುಗಳೂ ಇರುತ್ತಿದ್ದವು. ಆದರೂ ನಮ್ಮ ಪಾಲಿಗೆ ಆತ ಅನಾಮಧೇಯ. ಫೋನಿಗೆ ಬೀಗ ಬಿದ್ದಿರುತ್ತಿತ್ತು.

‘ಕಡೆಯವರು’ ಎಂಬ ಈ ಮಾತಿಗೆ ನಮ್ಮ ಆಸ್ಪತ್ರೆಗಳಲ್ಲಿ ಇರುವ ಅರ್ಥವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚೀಟಿ ಹಿಡಿದು ಔಷಧಿ ಅಂಗಡಿಗೆ ಓಡುವವರು ಕಡೆಯವರು. ಸ್ಕ್ಯಾನಿಂಗ್ ಕೊಠಡಿಯವರೆಗೆ ಸ್ಟ್ರೆಚರ್ ತಳ್ಳಲು ಕೈಜೋಡಿಸುವವರು, ರಕ್ತನಿಧಿಯ ಮುಂದೆ ನಿಂತು ದಾನಿಗಳನ್ನು ಹೊಂದಿಸುವವರು, ಮುಂಗಡ ಕಟ್ಟುವವರು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರು, ರಾತ್ರಿಯಿಡೀ ವಾರ್ಡಿನ ಹೊರಗೆ ಚಾಪೆ ಹಾಸಿ ಮಲಗುವವರು ಕೂಡ ಅವರೇ. ಪ್ರಾಣ ಉಳಿಸುವುದೇ ವೈದ್ಯರ ಮೊದಲ ಕರ್ತವ್ಯ, ಕಾನೂನಿನ ವಿಧಿವಿಧಾನಗಳು ಅದಕ್ಕೆ ಅಡ್ಡ ಬರಬಾರದು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದೆ. ತುರ್ತು ಶಸ್ತ್ರಚಿಕಿತ್ಸೆಗೆ ಯಾರ ಸಹಿಗೂ ಕಾಯಬೇಕಾಗಿಲ್ಲ. ಬಹುತೇಕ ವೈದ್ಯರು ಕಾಯುವುದೂ ಇಲ್ಲ. ಆದರೆ ನಜ್ಜುಗುಜ್ಜಾದ ಕಾಲನ್ನು ಉಳಿಸಲು ಯತ್ನಿಸುವುದೋ ಕತ್ತರಿಸುವುದೋ, ಇಲ್ಲಿಯೇ ಇರಿಸಿಕೊಳ್ಳುವುದೋ ದೊಡ್ಡ ಆಸ್ಪತ್ರೆಗೆ ಕಳಿಸುವುದೋ ಎಂಬಂಥ ತೀರ್ಮಾನಗಳ ಹೊತ್ತಿನಲ್ಲಿ ಕಡೆಯವರು ಯಾರೂ ಇಲ್ಲದ ರೋಗಿಯ ಸ್ಥಿತಿ ನಿಜಕ್ಕೂ ಕಷ್ಟದ್ದು. ಈತನಿಗೆ ಸಕ್ಕರೆ ಕಾಯಿಲೆ ಇದೆಯೇ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಾನೆಯೇ ಎಂದು ಹೇಳುವವರೂ ಇಲ್ಲ.

ತುರ್ತು ಸಂದರ್ಭಕ್ಕೆಂದು ಫೋನಿನಲ್ಲಿ ಒಂದು ಹೆಸರನ್ನು ಗುರುತಿಟ್ಟುಕೊಳ್ಳುವ ವಿಚಾರ ಪ್ರಚಾರಕ್ಕೆ ಬಂದದ್ದು 2005ರಲ್ಲಿ, ಇಂಗ್ಲೆಂಡಿನಲ್ಲಿ. ಅಲ್ಲಿನ ಪೂರ್ವ ಭಾಗದ ಆಂಬುಲೆನ್ಸ್ ಸೇವೆಯಲ್ಲಿ ಪ್ಯಾರಾಮೆಡಿಕ್ ಆಗಿದ್ದ ಬಾಬ್ ಬ್ರೋಚಿ ಎಂಬುವರು ತಮ್ಮ ವೃತ್ತಿಯ ನಿತ್ಯದ ತೊಡಕಿಗೆ ಪರಿಹಾರವಾಗಿ ಇದನ್ನು ಸೂಚಿಸಿದರು. ಗಾಯಾಳುವಿನ ಫೋನಿನಲ್ಲಿ ಹೆಸರುಗಳೇನೋ ಸಾಕಷ್ಟಿರುತ್ತವೆ, ಯಾರಿಗೆ ಕರೆ ಮಾಡಬೇಕೆಂಬುದು ತಿಳಿಯುವುದಿಲ್ಲ. ಆದ್ದರಿಂದ ಎಲ್ಲರೂ ‘ಐಸಿಇ’ ಎಂಬ ಮೂರು ಇಂಗ್ಲಿಷ್ ಅಕ್ಷರಗಳ ಹೆಸರಿನಲ್ಲಿ ಒಂದು ಸಂಖ್ಯೆಯನ್ನು ಇಟ್ಟುಕೊಳ್ಳಲಿ ಎಂಬುದು ಅವರ ಸಲಹೆ. ‘ಇನ್ ಕೇಸ್ ಆಫ್ ಎಮರ್ಜೆನ್ಸಿ’ ಎಂಬುದರ ಮೊದಲಕ್ಷರಗಳವು. ಅದಾದ ಕೆಲವೇ ತಿಂಗಳಲ್ಲಿ, ಜುಲೈ 7ರಂದು, ಲಂಡನ್ನಿನ ಮೂರು ಸುರಂಗ ರೈಲುಗಳಲ್ಲಿ ಮತ್ತು ಒಂದು ಬಸ್ಸಿನಲ್ಲಿ ಬಾಂಬುಗಳು ಸಿಡಿದು 52 ಜನ ಸತ್ತರು. ತಮ್ಮವರು ಯಾವ ಆಸ್ಪತ್ರೆಯಲ್ಲಿದ್ದಾರೆಂದು ಹುಡುಕಿ ಅಲೆದ ಜನರನ್ನು ಜಗತ್ತು ದೂರದರ್ಶನದಲ್ಲಿ ನೋಡಿತು. ಅದುವರೆಗೆ ಸಣ್ಣ ಸಲಹೆಯಾಗಿದ್ದದ್ದು ಕೆಲವೇ ದಿನಗಳಲ್ಲಿ ಇ-ಮೇಲ್‌ಗಳ ಮೂಲಕ ಖಂಡಾಂತರ ಹಬ್ಬಿತು. ಬೆಂಗಳೂರಿನ ಕಚೇರಿಗಳಿಗೂ ಬಂತು. ಹೀಗೆ ಹೆಸರಿಟ್ಟುಕೊಂಡರೆ ಫೋನಿಗೆ ವೈರಸ್ ತಗಲುತ್ತದೆ ಎಂಬ ಪುಕಾರೂ ಅದರ ಬೆನ್ನಿಗೇ ಹಬ್ಬಿತು. ಒಳ್ಳೆಯ ಸಲಹೆಗೆ ಬಾಲದಂತೆ ಒಂದು ಸುಳ್ಳು ಅಂಟಿಕೊಳ್ಳುವುದು ವಾಟ್ಸ್‌ಆ್ಯಪ್ ಯುಗದ ಆವಿಷ್ಕಾರವೇನಲ್ಲ.

ಆ ಸಲಹೆ ಆ ಕಾಲದ ಫೋನುಗಳಿಗೆ ಚೆನ್ನಾಗಿ ಒಪ್ಪುತ್ತಿತ್ತು. ಗುಂಡಿ ಒತ್ತುವ ಫೋನುಗಳಿಗೆ ಬಹುತೇಕರು ಬೀಗ ಹಾಕುತ್ತಿರಲಿಲ್ಲ. ಹಾಕಿದರೂ, ಫೋನ್ ಜಜ್ಜಿಹೋದರೂ, ಸಿಮ್ ಕಾರ್ಡಿನಲ್ಲಿ ಇನ್ನೂರೈವತ್ತರಷ್ಟು ಹೆಸರುಗಳು ಉಳಿದಿರುತ್ತಿದ್ದವು. ಅಪಘಾತ ಸ್ಥಳಕ್ಕೆ ಬಂದ ಪೊಲೀಸ್ ಪೇದೆಯೋ ನಮ್ಮ ವಾರ್ಡ್ ಬಾಯ್‌ಯೋ ಸಿಮ್ ತೆಗೆದು ತನ್ನ ಫೋನಿಗೆ ಹಾಕಿ ‘ಅಮ್ಮ’ ಎಂಬ ಹೆಸರನ್ನು ಹುಡುಕಿ ಕರೆ ಮಾಡುತ್ತಿದ್ದುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ನಮ್ಮ ಜನ ಐಸಿಇ ಎಂದು ಬರೆದುಕೊಂಡದ್ದು ಕಡಿಮೆ. ಆದರೆ ‘ಅಮ್ಮ’, ‘ಮನೆ’, ‘ಅಣ್ಣ ಊರು’ ಎಂದು ಬರೆದುಕೊಂಡವರು ಬಹಳ. ಅದೇ ನಮ್ಮ ಐಸಿಇ ಆಗಿತ್ತು.

ಈಗ ಆ ದಾರಿ ಮುಚ್ಚಿದೆ. ಹೆಸರುಗಳು ಸಿಮ್ಮಿನಿಂದ ಗೂಗಲ್ ಖಾತೆಗೆ ಹೋಗಿವೆ. ಕೆಲವು ಹೊಸ ಫೋನುಗಳಲ್ಲಿ ಹೊರತೆಗೆಯುವ ಸಿಮ್ಮೇ ಇರುವುದಿಲ್ಲ, ಇ-ಸಿಮ್ ಒಳಗೇ ಅಡಗಿರುತ್ತದೆ. ಬೆರಳಚ್ಚು, ಮುಖಚಹರೆ, ಆರಂಕಿಯ ಗುಪ್ತಸಂಖ್ಯೆ ಇಲ್ಲದೆ ಫೋನ್ ತೆರೆಯದು. ಪ್ರಜ್ಞೆಯಿಲ್ಲದವನ ಬೆರಳನ್ನೇ ಹಿಡಿದು ಫೋನಿಗೆ ಒತ್ತಿ ನೋಡುವವರಿದ್ದಾರೆ. ಬೆರಳಿಗೆ ರಕ್ತವೋ ಮಣ್ಣೋ ಮೆತ್ತಿದ್ದರೆ ಅದೂ ಕೆಲಸ ಮಾಡದು. ಕಣ್ಣು ಮುಚ್ಚಿದ, ಊದಿದ ಮುಖವನ್ನು ಫೋನ್ ಗುರುತಿಸುವುದಿಲ್ಲ. ಬ್ಯಾಂಕ್ ಖಾತೆಯೇ ಫೋನಿನಲ್ಲಿರುವ ಕಾಲದಲ್ಲಿ ಬೀಗ ತಪ್ಪೆಂದು ಯಾರೂ ಹೇಳಲಾರರು. ಖಂಡಿತ ಹಾಕಬೇಕು.

ಇದರ ಜೊತೆಗೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಗಿದೆ. ಹಿಂದೆ ಗಾಯಾಳುವಿನ ಪರ್ಸಿನಲ್ಲಿ ಚಾಲನಾ ಪರವಾನಗಿ, ಮತದಾರರ ಚೀಟಿ, ಯಾರದೋ ವಿಸಿಟಿಂಗ್ ಕಾರ್ಡು, ಹೆಂಡತಿ ಮಕ್ಕಳ ಪುಟ್ಟ ಫೋಟೊ, ಎಲ್‌ಐಸಿ ಕಂತಿನ ರಸೀದಿ ಏನಾದರೊಂದು ಸಿಗುತ್ತಿತ್ತು. ಅದರ ಜಾಡು ಹಿಡಿದು ಮನೆ ಪತ್ತೆ ಮಾಡಬಹುದಿತ್ತು. 2016ರಲ್ಲಿ ಯುಪಿಐ ಬಂತು. ಡಿಜಿಲಾಕರ್‌ನಲ್ಲಿರುವ ಪರವಾನಗಿಯನ್ನೂ ಮಾನ್ಯ ಮಾಡಬೇಕೆಂದು 2018ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಸೂಚಿಸಿತು. ಎರಡೂ ಜನೋಪಯೋಗಿ ಕ್ರಮಗಳೇ. ಪರಿಣಾಮವಾಗಿ ಇಂದಿನ ತರುಣ ತರುಣಿಯರು ಪರ್ಸನ್ನು ಮನೆಯಲ್ಲೇ ಬಿಟ್ಟು ಫೋನೊಂದನ್ನೇ ಹಿಡಿದು ಹೊರಡುತ್ತಾರೆ. ಗುರುತು, ಹಣ, ವಿಳಾಸ, ಬಂಧುಗಳು ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. ಅದರ ಕೀಲಿ ಇರುವುದು ಪ್ರಜ್ಞೆ ತಪ್ಪಿದವರ ಬಳಿ ಮಾತ್ರ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳಿತ್ತು. ಅವರಲ್ಲಿ ಶೇ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯು ಗಾಯವಾದ ನಂತರದ ಮೊದಲ ಒಂದು ಗಂಟೆಯನ್ನು ‘ಸುವರ್ಣ ಗಂಟೆ’ ಎಂದು ಗುರುತಿಸಿದೆ. ಆ ಗಂಟೆಯಲ್ಲಿ ರಸ್ತೆ ಬದಿಯಲ್ಲಿ ನೆರೆದ ಜನ ಮೊದಲು ಮಾಡುವ ಕೆಲಸವೆಂದರೆ ಗಾಯಾಳುವಿನ ಫೋನ್ ಹುಡುಕುವುದು. ಇದು ನಮ್ಮವರ ಒಳ್ಳೆಯ ಗುಣ ಎಂದೇ ನಾನು ತಿಳಿದಿದ್ದೇನೆ. ಆ ಫೋನ್ ಅವರಿಗೆ ಏನನ್ನೂ ಹೇಳದಿದ್ದರೆ ತಪ್ಪು ಅವರದಲ್ಲ.

ಫೋನ್ ತಯಾರಕರು ಈ ಬೀಗಕ್ಕೆ ಒಂದು ಕಿಂಡಿಯನ್ನು ಇಟ್ಟಿದ್ದಾರೆ. ಆ್ಯಪಲ್ ಕಂಪನಿಯು 2014ರಲ್ಲಿ ‘ಹೆಲ್ತ್’ ಆ್ಯಪ್‌ನೊಳಗೆ ‘ಮೆಡಿಕಲ್ ಐಡಿ’ ಎಂಬುದನ್ನು ಸೇರಿಸಿತು. ಗೂಗಲ್ 2016ರಿಂದ ಆಂಡ್ರಾಯ್ಡ್ ಫೋನುಗಳಿಗೆ ಇಂಥದೇ ಸೌಲಭ್ಯ ಒದಗಿಸಿದೆ. ಬೀಗ ಬಿದ್ದ ಫೋನಿನ ಪರದೆಯ ಕೆಳಭಾಗದಲ್ಲಿ, ಅಥವಾ ಗುಪ್ತಸಂಖ್ಯೆ ಕೇಳುವ ಪರದೆಯಲ್ಲಿ, ‘ಎಮರ್ಜೆನ್ಸಿ’ ಎಂಬ ಪದ ಕಾಣುತ್ತದೆ. ಅದನ್ನು ಒತ್ತಿದರೆ 112ಕ್ಕೆ ಕರೆ ಮಾಡಬಹುದು. ಫೋನಿನ ಒಡೆಯರು ಮೊದಲೇ ತುಂಬಿಟ್ಟಿದ್ದರೆ ಅವರ ಹೆಸರು, ಕಾಯಿಲೆ, ಔಷಧಿ, ಒಗ್ಗದ ಮದ್ದು, ಕರೆ ಮಾಡಬೇಕಾದವರ ಹೆಸರು ಎಲ್ಲವೂ ಅಲ್ಲಿ ಕಾಣುತ್ತವೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಸೇಫ್ಟಿ ಆ್ಯಂಡ್ ಎಮರ್ಜೆನ್ಸಿ’ ಎಂದು ಹುಡುಕಿದರೆ ಬಹುತೇಕ ಫೋನುಗಳಲ್ಲಿ ಸಿಗುತ್ತದೆ. ಐಫೋನಿನಲ್ಲಿ ಮೆಡಿಕಲ್ ಐಡಿ ತುಂಬಿ, ಬೀಗ ಹಾಕಿದ್ದಾಗಲೂ ತೋರಿಸುವಂತೆ ಅನುಮತಿ ಕೊಡಬೇಕು. ಐದು ನಿಮಿಷದ ಕೆಲಸ. ನಿವೃತ್ತಿಯ ನಂತರ ನಾನು ಭಾಷಣಕ್ಕೆ ಹೋದ ಕಡೆಗಳಲ್ಲಿ ಸಭಿಕರಿಗೆ ಫೋನ್ ಹೊರತೆಗೆದು ಈ ಪುಟ ನೋಡಿ ಎನ್ನುತ್ತೇನೆ. ಇದ್ದದ್ದೇ ಗೊತ್ತಿರಲಿಲ್ಲ ಎನ್ನುವವರೇ ಹೆಚ್ಚು. ಇಂಜಿನಿಯರುಗಳ ಸಭೆಯಲ್ಲೂ ಅಷ್ಟೇ.

ಗೊತ್ತಾದವರು ಸಂತೋಷದಿಂದ ಮೊದಲು ತುಂಬುವುದು ರಕ್ತದ ಗುಂಪನ್ನು. ಅದರಿಂದ ಹಾನಿಯಿಲ್ಲ, ಪ್ರಯೋಜನವೂ ಅಷ್ಟಕ್ಕಷ್ಟೆ. ಫೋನಿನಲ್ಲಿ ಬರೆದಿದೆ ಎಂದು ಯಾವ ವೈದ್ಯರೂ ರಕ್ತ ಏರಿಸುವುದಿಲ್ಲ. ಪರೀಕ್ಷೆ ಮಾಡಿಯೇ ಕೊಡುತ್ತಾರೆ. ನಮಗೆ ಬೇಕಾದದ್ದು ಬೇರೆ. ಹೃದಯದ ಕವಾಟ ಬದಲಿಸಿಕೊಂಡವರು ಅಥವಾ ಎದೆಬಡಿತ ತಪ್ಪುವವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗುತ್ತಿದ್ದರೆ, ತಲೆಗೆ ಬಿದ್ದ ಸಣ್ಣ ಪೆಟ್ಟೂ ಪ್ರಾಣಾಂತಕವಾಗಬಹುದು. ಅದು ಮೊದಲೇ ಗೊತ್ತಾದರೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಸಕ್ಕರೆ ಪ್ರಮಾಣ ಕುಸಿದು ತೊದಲುತ್ತಾ ತೂರಾಡುವವರನ್ನು ಕುಡುಕರೆಂದು ಜನ ಬದಿಗೆ ತಳ್ಳುವುದುಂಟು. ಪೆನಿಸಿಲಿನ್ ಒಗ್ಗದವರು, ಮೂರ್ಛೆರೋಗ ಇರುವವರು, ಪೇಸ್‌ಮೇಕರ್ ಹಾಕಿಸಿಕೊಂಡವರು, ಗರ್ಭಿಣಿಯರು ಆ ಒಂದು ಸಾಲನ್ನು ಬರೆದಿಟ್ಟರೆ ಸಾಕು.

ಆದರೆ ನನ್ನ ಅನುಭವದಲ್ಲಿ ಈ ಅರ್ಜಿಯ ಅತ್ಯಂತ ಕಷ್ಟದ ಖಾನೆ ಕೊನೆಯದು: ಯಾರಿಗೆ ಕರೆ ಮಾಡಬೇಕು? ಕನ್ನಡದಲ್ಲಿ ‘ಹತ್ತಿರದವರು’ ಎಂಬ ಪದಕ್ಕೆ ಎರಡರ್ಥವಿದೆ. ನಂಟಿನಲ್ಲಿ ಹತ್ತಿರದವರು, ದಾರಿಯಲ್ಲಿ ಹತ್ತಿರದವರು. ನಮ್ಮ ಅಜ್ಜಂದಿರ ಕಾಲದ ಊರುಗಳಲ್ಲಿ ಎರಡೂ ಒಂದೇ ಆಗಿತ್ತು. ಈಗಿನ ನಗರದಲ್ಲಿ ಅವು ಬೇರೆ ಬೇರೆ. ಮಾರತ್ತಹಳ್ಳಿಯ ಪಿ.ಜಿ.ಯಲ್ಲಿರುವ ಹುಡುಗಿಯ ಫೋನಿನಲ್ಲಿ ತೀರ್ಥಹಳ್ಳಿಯ ತಂದೆಯ ಸಂಖ್ಯೆ ಇರುತ್ತದೆ. ಕರೆ ಹೋದರೆ ಆ ತಂದೆ ರಾತ್ರಿ ಬಸ್ಸು ಹಿಡಿದು ಬೆಳಿಗ್ಗೆ ಬಂದು ಮುಟ್ಟಬೇಕು. ಅಷ್ಟು ಹೊತ್ತು ಆಕೆಯ ‘ಕಡೆಯವರು’ ಯಾರು? ಜಯನಗರದಲ್ಲಿ ಒಂಟಿಯಾಗಿರುವ ಹಿರಿಯರ ಫೋನಿನಲ್ಲಿ ಕ್ಯಾಲಿಫೋರ್ನಿಯಾದ ಮಗನ ಸಂಖ್ಯೆ. ನಮ್ಮ ಮಧ್ಯಾಹ್ನ ಅವರಿಗೆ ನಡುರಾತ್ರಿ. ಮಗ ಎದ್ದು ಗಾಬರಿಯಾಗಿ ಇಲ್ಲಿಯ ಗೆಳೆಯನಿಗೆ ಫೋನ್ ಮಾಡಿ, ಆ ಗೆಳೆಯ ಸಂಚಾರ ದಟ್ಟಣೆ ದಾಟಿ ಬರುವಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿರುತ್ತದೆ. ಅದೇ ಹೊತ್ತಿನಲ್ಲಿ ಗೋಡೆಯಾಚೆಯ ಮನೆಯಾಕೆ ಹತ್ತೇ ನಿಮಿಷದಲ್ಲಿ ಬಂದು ನಿಲ್ಲಬಹುದಿತ್ತು. ಆಕೆಯ ಸಂಖ್ಯೆ ಅಲ್ಲಿರಲಿಲ್ಲ. ನೆರೆಯವರ ಹೆಸರು ಬರೆದರೆ ಮಗನಿಗೆ ಬೇಸರವಾದೀತು ಎಂಬ ಸಂಕೋಚವನ್ನು ನಾನು ಹಲವು ಹಿರಿಯರಲ್ಲಿ ಕಂಡಿದ್ದೇನೆ. ಬೇಸರಪಟ್ಟುಕೊಳ್ಳುವ ಮಕ್ಕಳೂ ಇದ್ದಾರೆ. ಅವರ ನಡುವೆ ಈ ಮಾತು ಮೊದಲೇ ಆಗಬೇಕು, ಅಪಘಾತದ ನಂತರ ಆಗಬಾರದು. ಎರಡು ಹೆಸರು ಬರೆಯಿರಿ: ತಕ್ಷಣ ಬರಬಲ್ಲವರದು ಒಂದು, ತೀರ್ಮಾನ ಹೇಳಬಲ್ಲವರದು ಇನ್ನೊಂದು.

ಗಂಡ ಹೆಂಡತಿಯರ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ವರ್ಷಗಳ ಹಿಂದೆ ಸ್ಕೂಟರಿನಿಂದ ಬಿದ್ದ ದಂಪತಿಯನ್ನು ಒಂದೇ ಆಂಬುಲೆನ್ಸಿನಲ್ಲಿ ತಂದಿದ್ದರು. ಇಬ್ಬರಿಗೂ ಪ್ರಜ್ಞೆಯಿರಲಿಲ್ಲ. ಆಕೆ ಜಾಣೆ, ಫೋನಿನ ತುರ್ತು ಪುಟ ತುಂಬಿಟ್ಟಿದ್ದರು. ನಮ್ಮ ಸಿಸ್ಟರ್ ಆ ಸಂಖ್ಯೆಗೆ ಕರೆ ಮಾಡಿದಾಗ ಪಕ್ಕದ ಹಾಸಿಗೆಯ ಕೆಳಗಿದ್ದ ಪ್ಲಾಸ್ಟಿಕ್ ಕವರಿನಲ್ಲಿ ಗಂಡನ ಫೋನ್ ರಿಂಗಾಯಿತು. ಇಬ್ಬರೂ ಪರಸ್ಪರರ ಹೆಸರನ್ನಷ್ಟೇ ಬರೆದುಕೊಂಡಿದ್ದರು. ಕಡೆಗೆ ಅವರ ಮಗಳ ಶಾಲೆಯಿಂದ ಬಂದ ಕರೆಯೊಂದು, ಮಗುವನ್ನು ಕರೆದೊಯ್ಯಲು ಯಾರೂ ಬಂದಿಲ್ಲವೆಂದು ವಿಚಾರಿಸುವ ಕರೆ, ನಮಗೆ ದಾರಿ ತೋರಿಸಿತು. ಇಬ್ಬರೂ ಬದುಕಿದರು ಎಂಬುದನ್ನೂ ಹೇಳಿಬಿಡುತ್ತೇನೆ. ಜೊತೆಯಲ್ಲಿ ಓಡಾಡುವವರು ಜೊತೆಯಲ್ಲೇ ಬೀಳುತ್ತಾರೆ. ಅಕ್ಕನದೋ ಭಾವಮೈದುನನದೋ ಹೆಸರು ಎರಡನೆಯದಾಗಿ ಇರಲಿ. ಗಂಡನೇ ಭಯದ ಮೂಲವಾಗಿರುವ ಮನೆಗಳೂ ಇವೆ. ಅಂಥ ಹೆಣ್ಣುಮಕ್ಕಳು ಸಂಪ್ರದಾಯಕ್ಕೆಂದು ಅವನ ಹೆಸರನ್ನು ಬರೆಯಬೇಕಾಗಿಲ್ಲ.

ಬೀಗ ಬಿದ್ದ ಫೋನಿಗೂ ಹೊರಗಿನ ಕರೆ ಬರುತ್ತದೆ, ಅದನ್ನು ಎತ್ತಿ ಮಾತನಾಡಬಹುದು ಎಂಬುದನ್ನು ಈ ಪ್ರಸಂಗ ನೆನಪಿಸುತ್ತದೆ. ಆ ಸಿಸ್ಟರ್ ಮೂರು ಬಗೆಯ ಚಾರ್ಜರ್ ವೈರುಗಳನ್ನು ತಮ್ಮ ಡ್ರಾಯರಿನಲ್ಲಿ ಇಟ್ಟುಕೊಂಡಿರುತ್ತಿದ್ದರು. ಅಪರಿಚಿತ ರೋಗಿಯ ಫೋನ್ ಆರಿಹೋಗದಂತೆ ನೋಡಿಕೊಂಡರೆ ಸಂಜೆಯೊಳಗೆ ಮನೆಯಿಂದ ಯಾರಾದರೂ ಕರೆ ಮಾಡಿಯೇ ಮಾಡುತ್ತಾರೆ ಎಂಬುದು ಅವರ ಲೆಕ್ಕ. ಆ ವೈರುಗಳಿಗೆ ಅವರು ಆಸ್ಪತ್ರೆಯಿಂದ ಹಣ ಕೇಳಲಿಲ್ಲ. ಎಲ್ಲ ತುರ್ತು ವಿಭಾಗಗಳಲ್ಲೂ ಅವು ಇರಬೇಕೆಂದು ಯಾವ ಸುತ್ತೋಲೆಯಾದರೂ ಹೇಳಿದರೆ ಒಳ್ಳೆಯದು.

ಇನ್ನು, ಆ ಕರೆ ಹೋದಾಗ ಆ ಕಡೆಯವರು ಫೋನ್ ಎತ್ತಬೇಕಲ್ಲ! ಸಾಲ ಬೇಕೇ, ನಿವೇಶನ ಬೇಕೇ ಎಂಬ ಕರೆಗಳಿಂದ ರೋಸಿಹೋದ ಜನ ಗೊತ್ತಿಲ್ಲದ ಸಂಖ್ಯೆಯ ಕರೆಗಳನ್ನು ಎತ್ತುವುದನ್ನೇ ಬಿಟ್ಟಿದ್ದಾರೆ. ಕೆಲವರು ಅಂಥ ಕರೆಗಳು ರಿಂಗಾಗದಂತೆಯೇ ಮಾಡಿಕೊಂಡಿದ್ದಾರೆ. ಎತ್ತಿದರೂ ‘ನಿಮ್ಮ ಮಗನಿಗೆ ಅಪಘಾತವಾಗಿದೆ’ ಎಂದ ಕೂಡಲೇ ಇದು ವಂಚಕರ ಕರೆ ಎಂಬ ಅನುಮಾನ. ಅನುಮಾನ ಸಕಾರಣವೇ. ಇದೇ ವಾಕ್ಯ ಹೇಳಿ ಹಣ ಕೀಳುವವರಿದ್ದಾರೆ. ಆದ್ದರಿಂದ ಕರೆ ಮಾಡುವ ಆಸ್ಪತ್ರೆಯವರು ಸಾಧ್ಯವಾದಷ್ಟೂ ಆಸ್ಪತ್ರೆಯ ಸ್ಥಿರ ದೂರವಾಣಿಯಿಂದಲೇ ಮಾಡಬೇಕು. ಆಸ್ಪತ್ರೆಯ ಹೆಸರು, ಗಾಯಾಳುವಿನ ಬಟ್ಟೆಯ ಬಣ್ಣ, ವಾಹನದ ಸಂಖ್ಯೆ ಹೇಳಬೇಕು. ಫೋನಿನಲ್ಲಿ ಹಣದ ಮಾತೆತ್ತಬಾರದು. ಕೇಳಿಸಿಕೊಳ್ಳುವವರು ಆಸ್ಪತ್ರೆಯ ಹೆಸರು ಕೇಳಿ, ಫೋನ್ ಇಟ್ಟು, ಆ ಆಸ್ಪತ್ರೆಯ ಸಂಖ್ಯೆಯನ್ನು ತಾವೇ ಹುಡುಕಿ ತಿರುಗಿ ಕರೆ ಮಾಡಲಿ. ಎರಡು ನಿಮಿಷದ ಮಾತು. ಇದನ್ನೆಲ್ಲ ಯಾರ ಹೆಸರನ್ನು ಬರೆಯುತ್ತೀರೋ ಅವರಿಗೆ ಮುಂಚಿತವಾಗಿ ತಿಳಿಸಿರಬೇಕು. ತಮ್ಮ ಹೆಸರು ಯಾರದೋ ಫೋನಿನಲ್ಲಿ ಹೀಗೆ ಇದೆಯೆಂಬುದೇ ಗೊತ್ತಿಲ್ಲದ ಬಂಧುಗಳನ್ನು ನಾನು ಮಾತನಾಡಿಸಿದ್ದೇನೆ. ಯಾವ ಔಷಧಿ ನುಂಗುತ್ತಾರೆ ಎಂದರೆ ‘ಅಯ್ಯೋ, ಅದನ್ನು ಅವರ ತಂಗಿಯನ್ನೇ ಕೇಳಬೇಕು ಡಾಕ್ಟ್ರೇ’ ಎನ್ನುತ್ತಾರೆ.

ಗೋಪ್ಯತೆಯ ಆಕ್ಷೇಪಣೆಯೂ ಇದೆ. ಫೋನ್ ಕದ್ದವನಿಗೆ ತಾಯಿಯ ಸಂಖ್ಯೆ ಸಿಕ್ಕಿಬಿಡುತ್ತದೆ, ಕಾಯಿಲೆ ತಿಳಿದುಬಿಡುತ್ತದೆ ಎಂಬ ಅಳುಕು, ಮುಖ್ಯವಾಗಿ ಹೆಣ್ಣುಮಕ್ಕಳದು. ಅದನ್ನು ತಳ್ಳಿಹಾಕುವಂತಿಲ್ಲ. ಮನೆಯ ವಿಳಾಸ ಬರೆಯುವ ಅಗತ್ಯವಿಲ್ಲ. ಚಿಕಿತ್ಸೆಯ ಮೊದಲ ಗಂಟೆಗೆ ಸಂಬಂಧಿಸದ ಕಾಯಿಲೆಗಳನ್ನೂ ಬರೆಯಬೇಕಾಗಿಲ್ಲ. ಒಂದು ಹೆಸರು, ಒಂದು ನಂಟು, ಒಂದು ಸಂಖ್ಯೆ. ಇಷ್ಟನ್ನು ಅಪರಿಚಿತರಿಗೆ ಕಾಣುವಂತೆ ಬಿಡುವುದರ ಅಪಾಯಕ್ಕಿಂತ ಬಿಡದಿರುವುದರ ಅಪಾಯವೇ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾನೂನು ತನ್ನ ಪಾಲಿನದನ್ನು ತಕ್ಕಮಟ್ಟಿಗೆ ಮಾಡಿದೆ. ಗಾಯಾಳುವಿಗೆ ನೆರವಾದವರನ್ನು ಪೊಲೀಸರಾಗಲೀ ಆಸ್ಪತ್ರೆಯವರಾಗಲೀ ಪೀಡಿಸಬಾರದೆಂಬ ಮಾರ್ಗಸೂಚಿಗಳಿಗೆ ಸುಪ್ರೀಂ ಕೋರ್ಟ್ 2016ರ ಮಾರ್ಚ್‌ನಲ್ಲಿ ಕಾನೂನಿನ ಬಲ ಕೊಟ್ಟಿತು. ಅದೇ ವರ್ಷ ಕರ್ನಾಟಕ ಇದಕ್ಕೆಂದೇ ಪ್ರತ್ಯೇಕ ಕಾಯ್ದೆ ರೂಪಿಸಿತು. ಕೇಂದ್ರ ಕಾಯ್ದೆಯಲ್ಲೂ ಈಗ 134ಎ ಕಲಮು ಇದೆ. ನಗದುರಹಿತ ಚಿಕಿತ್ಸೆಯ ಯೋಜನೆ 2025ರ ಮೇ ತಿಂಗಳಲ್ಲಿ ಅಧಿಸೂಚನೆಯಾಯಿತು: ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ. ಕಡೆಯವರಿಲ್ಲದ ರೋಗಿಯ ಪಾಲಿಗೆ ಹಣದ ಪ್ರಶ್ನೆಗೆ ಹೀಗೆ ಅಷ್ಟಿಷ್ಟು ಉತ್ತರ ಸಿಕ್ಕಿದೆ. ಹೆಸರಿನ ಪ್ರಶ್ನೆಗೆ ಉತ್ತರವನ್ನು ಸರ್ಕಾರ ಕೊಡಲಾರದು. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿ ಹರಿದು ಮೃತಪಟ್ಟ ಹರೀಶ್ ಎಂಬ ಯುವಕ ಕೊನೆಯುಸಿರಿಗೆ ಮುನ್ನ ತನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡದ್ದನ್ನು ಕನ್ನಡಿಗರು ಮರೆತಿರಲಾರರು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಚಿಕಿತ್ಸಾ ನೆರವಿನ ಯೋಜನೆಯನ್ನೂ ತಂದಿತು. ಅವರಿಗೆ ಮಾತನಾಡಲು ಸಾಧ್ಯವಾಗಿತ್ತು. ಬಹುಪಾಲು ಗಾಯಾಳುಗಳಿಗೆ ಆಗುವುದಿಲ್ಲ. ಅಂಗಾಂಗ ದಾನಕ್ಕೂ ಕಡೆಗೆ ಹತ್ತಿರದ ಬಂಧುಗಳ ಒಪ್ಪಿಗೆ ಬೇಕು, ಆ ಬಂಧುಗಳು ಸಕಾಲಕ್ಕೆ ಸಿಗಬೇಕು.

ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ 2023ರ ಜೂನ್ 2ರ ಬಾಲೇಶ್ವರ ರೈಲು ದುರಂತ ಸಾಕ್ಷಿ. ಅಪಘಾತಕ್ಕೀಡಾದ ರೈಲುಗಳಲ್ಲಿ ಒಂದು ಬೆಂಗಳೂರಿನಿಂದ ಹೌರಾಕ್ಕೆ ಹೊರಟದ್ದು. ಇನ್ನೊಂದು ಚೆನ್ನೈಗೆ ಬರುತ್ತಿದ್ದ ಕೋರಮಂಡಲ್ ಎಕ್ಸ್‌ಪ್ರೆಸ್. ಸಾಮಾನ್ಯ ಬೋಗಿಗಳಲ್ಲಿ ಕೂಲಿ ಅರಸಿ ಹೊರಟವರು, ಕೂಲಿ ಮುಗಿಸಿ ಮರಳುತ್ತಿದ್ದವರು ತುಂಬಿದ್ದರು. ಡಿಎನ್‌ಎ ಪರೀಕ್ಷೆಗಳಾಗಿ ನಾಲ್ಕು ತಿಂಗಳು ಕಾದ ಮೇಲೂ ಯಾರೂ ಬಾರದ 28 ಶವಗಳಿಗೆ ಅದೇ ಅಕ್ಟೋಬರಿನಲ್ಲಿ ಭುವನೇಶ್ವರದ ಆಡಳಿತವೇ ಅಂತ್ಯಕ್ರಿಯೆ ಮಾಡಿತು. ಅವರೆಲ್ಲರ ಬಳಿ ಫೋನ್ ಇತ್ತೆಂದು ನಾನು ಹೇಳುತ್ತಿಲ್ಲ. ಎಲ್ಲೋ ಒಂದು ಊರಿನಲ್ಲಿ 28 ಮನೆಗಳವರು ಇನ್ನೂ ಕಾಯುತ್ತಿರಬಹುದು ಎಂಬುದಷ್ಟೇ ನನ್ನ ಮನಸ್ಸನ್ನು ಕಾಡುವ ಸಂಗತಿ. ಬೆಂಗಳೂರಿನ ಕಟ್ಟಡಗಳಲ್ಲಿ ದುಡಿಯುವ ಯಾದಗಿರಿಯ, ಬಿಹಾರದ, ಒಡಿಶಾದ ಕಾರ್ಮಿಕರಿಗೆ ಈ ಸೆಟ್ಟಿಂಗ್ಸು ಗಿಟ್ಟಿಂಗ್ಸು ಹೇಳಿಕೊಡುವವರು ಯಾರು? ಫೋನ್ ಅಂಗಡಿಯವರು ಮನಸ್ಸು ಮಾಡಬಹುದು. ಹೊಸ ಫೋನಿಗೆ ಗಾಜು ಅಂಟಿಸಿ ಕವರು ಹಾಕಿಕೊಡಲು ಅವರು ಹತ್ತು ನಿಮಿಷ ತೆಗೆದುಕೊಳ್ಳುತ್ತಾರೆ. ‘ತುರ್ತಿಗೆ ಯಾರ ನಂಬರ್ ಹಾಕಲಿ?’ ಎಂದು ಕೇಳಿ ಒಂದು ಸಂಖ್ಯೆ ಸೇರಿಸಿಕೊಟ್ಟರೆ ಗಿರಾಕಿ ಬೇಡವೆನ್ನಲಾರ. ಗುತ್ತಿಗೆದಾರರು, ಮನೆಮನೆಗೆ ಊಟ ತಲುಪಿಸುವ ಹುಡುಗರನ್ನು ರಸ್ತೆಗಿಳಿಸುವ ಕಂಪನಿಗಳು ಇದನ್ನು ಕಡ್ಡಾಯವಾಗಿಯೇ ಮಾಡಬೇಕು.

ಯಾವ ಸೆಟ್ಟಿಂಗ್ಸಿನ ಗೊಡವೆಯೂ ಬೇಡವೆನ್ನುವವರಿಗೆ ಹಳೆಯ ಉಪಾಯವಿದೆ. ಜಾತ್ರೆಗೆ ಹೊರಟ ಮಗುವಿನ ಅಂಗಿಯ ಜೇಬಿಗೆ ವಿಳಾಸದ ಚೀಟಿ ಇಡುತ್ತಿದ್ದೆವಲ್ಲ, ಅದೇ. ಎರಡು ಹೆಸರು, ಎರಡು ಸಂಖ್ಯೆ ಬರೆದ ಚೀಟಿಯನ್ನು ಫೋನಿನ ಹಿಂಬದಿಯ ಕವರಿನೊಳಗೆ ಇಡಿ. ಬ್ಯಾಟರಿ ಮುಗಿದರೂ ಪರದೆ ಒಡೆದರೂ ಅದನ್ನು ಓದಬಹುದು. ಹೊರನಾಡಿಗೆ ಹೋಗುವವರು ಕನ್ನಡದ ಜೊತೆಗೆ ಇಂಗ್ಲಿಷಿನಲ್ಲೂ ಬರೆಯಿರಿ. ಪಕ್ಕದ ಊರಿನವರಿಗೇ ನಮ್ಮ ಲಿಪಿ ಬಾರದಿರಬಹುದು. ಜೊತೆಗೆ, ಮನೆಯಲ್ಲಿ ಪ್ರತಿಯೊಬ್ಬರೂ ಒಂದು ಸಂಖ್ಯೆಯನ್ನಾದರೂ ಬಾಯಿಪಾಠ ಮಾಡಿರಲಿ. ಪೂರ್ಣ ಪ್ರಜ್ಞೆಯಿದ್ದೂ, ಫೋನ್ ಪುಡಿಯಾಗಿದ್ದರಿಂದ, ಹೆಂಡತಿಯ ಸಂಖ್ಯೆ ಹೇಳಲಾಗದೆ ಒದ್ದಾಡಿದ ಸುಶಿಕ್ಷಿತರು ನಮ್ಮ ವಾರ್ಡಿನಲ್ಲಿ ಬೇಕಾದಷ್ಟು ಮಂದಿ ಇರುತ್ತಿದ್ದರು.

ನಮ್ಮ ಬಡಾವಣೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಪತ್ನಿ ತೀರಿಕೊಂಡಿದ್ದಾರೆ, ಮಗಳು ಮೆಲ್ಬರ್ನ್‌ನಲ್ಲಿ. ಅವರ ಫೋನಿನಲ್ಲಿ ಮೊದಲ ಹೆಸರು ಬೀದಿಯ ಕೊನೆಯ ಔಷಧಿ ಅಂಗಡಿಯವನದು, ಎರಡನೆಯದು ಮಗಳದು. ಅಂಗಡಿಯವನ ಅನುಮತಿ ಕೇಳಿಯೇ ಬರೆಸಿದ್ದಾರೆ, ಮಗಳಿಗೂ ಹೇಳಿದ್ದಾರೆ. ಏಕೆ ಅವನೇ ಎಂದು ವಿಚಾರಿಸಿದೆ. ‘ನಾನು ಯಾವ ಮಾತ್ರೆ ನುಂಗುತ್ತೇನೆ ಅಂತ ಅವನಿಗೆ ಗೊತ್ತು. ಗೊತ್ತಿಲ್ಲದ ನಂಬರ್ ಬಂದರೂ ಗಿರಾಕಿ ಇರಬಹುದು ಅಂತ ಫೋನ್ ಎತ್ತುತ್ತಾನೆ. ರಾತ್ರಿ ಹತ್ತರವರೆಗೆ ಅಂಗಡಿ ತೆಗೆದಿರುತ್ತದೆ’ ಎಂದರು. ಹತ್ತರ ನಂತರ? ಅದಕ್ಕೆ ಎದುರು ಮನೆಯವರ ಹೆಸರನ್ನು ಮೂರನೆಯದಾಗಿ ಸೇರಿಸುವುದಾಗಿ ಹೇಳಿ, ಆಗಲೇ ಫೋನ್ ತೆಗೆದು ನನ್ನ ಕೈಗಿತ್ತರು.